ಘಟಿಕೋತ್ಸವಕ್ಕೆ ಹೊರಟ ಮನೆಯವರಿಗೆ

ಬೆಳ್ಳಾರೆ ಹತ್ತಿರದ ಅಕ್ಕನ ಮನೆಯಿಂದ ಒಂದು ರಾತ್ರಿ ಫೋನ್ ಬಂತು. ಮಗಳ ಡಿಗ್ರಿ ಮುಗಿದಿತ್ತು, ಕಾಲೇಜಿನಿಂದ ಪದವಿ ಪ್ರದಾನದ ಕಾಗದ ಬಂದಿತ್ತು. ಅಕ್ಕನಿಗೆ ಕೇಳಲಿಕ್ಕೆ ಇದ್ದದ್ದು ಮೂರೇ ಪ್ರಶ್ನೆ. "ನಮ್ಮನ್ನು ಒಳಗೆ ಬಿಡ್ತಾರಾ? ಎಂತ ಉಡುವುದು? ಊಟ ಅಲ್ಲೇ ಉಂಟಾ, ಅಲ್ಲ ಕಟ್ಟಿಕೊಂಡು ಹೋಗಬೇಕಾ?" ಹಿಂದಿನಿಂದ ಭಾವನ ದನಿ ಕೇಳಿಸಿತು: "ಸರ್ಟಿಫಿಕೇಟು ಅವತ್ತೇ ಕೈಗೆ ಕೊಡ್ತಾರಾ ಅಂತ ಕೇಳು."

ಆ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಅವಳೇ ಮೊದಲನೆಯವಳು. ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ, ಹಾಲು ಡೈರಿಗೆ ಕೊಟ್ಟು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಪ್ಪ ಅಮ್ಮಂದಿರು ಕೊನೆಯ ದಿನ ಮಾತ್ರ "ನಾವು ಅಲ್ಲಿಗೆ ಬಂದು ಎಂತ ಮಾಡ್ಲಿಕ್ಕುಂಟು" ಎಂದು ಮನೆಯಲ್ಲೇ ಉಳಿದುಬಿಡುತ್ತಾರೆ. ಅವರು ಹೋಗಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಹೋಗುವ ಮೊದಲು ಏನೇನು ತಿಳಿದಿರಬೇಕು ಎಂಬುದಷ್ಟೇ ಈ ಲೇಖನ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು 'ಡಿಗ್ರಿ ಕೊಡುವುದು' ಎಂದು ಒಟ್ಟಿಗೇ ಹೇಳುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಕಾಲೇಜು ತನ್ನ ಅಂಗಳದಲ್ಲಿ ನಡೆಸುವ ಪದವಿ ಪ್ರದಾನ ಅಥವಾ ಗ್ರಾಜುವೇಶನ್ ಡೇ ಒಂದು. ವಿಶ್ವವಿದ್ಯಾನಿಲಯ ನಡೆಸುವ ಘಟಿಕೋತ್ಸವ ಇನ್ನೊಂದು. ವಿಶ್ವವಿದ್ಯಾನಿಲಯದ ಮೊಹರು ಇರುವ ಪದವಿ ಪತ್ರ ಮೂರನೆಯದು. ಈ ಮೂರೂ ಒಂದೇ ದಿನ, ಒಂದೇ ಜಾಗದಲ್ಲಿ ಸಿಗುವುದು ಅಪರೂಪ. ಭಾವನ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕಾಗದದಲ್ಲಿ ಯಾವುದಕ್ಕೆ ಕರೆದಿದ್ದಾರೆ ಎಂದು ಮೊದಲು ನೋಡಬೇಕು.

ಯಾವ ವಿಶ್ವವಿದ್ಯಾನಿಲಯ ಎಂಬುದನ್ನೂ ನೋಡಬೇಕು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದವರಿಗೆ ನಮ್ಮ ಕಡೆ ಮಂಗಳೂರು ವಿಶ್ವವಿದ್ಯಾನಿಲಯ. ಅದು ಮೈಸೂರು ವಿಶ್ವವಿದ್ಯಾನಿಲಯದಿಂದ ಬೇರೆಯಾಗಿ 1980ರಲ್ಲಿ ಕೊಣಾಜೆಯಲ್ಲಿ ಶುರುವಾಯಿತು. ಅದಕ್ಕೆ ಮೊದಲು ಇಲ್ಲಿ ಓದಿದವರ ಪದವಿ ಪತ್ರದಲ್ಲಿ ಮೈಸೂರಿನ ಹೆಸರಿದೆ. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು 1958ರದ್ದು, ವಿವೇಕಾನಂದ ಕಾಲೇಜು 1965ರದ್ದು, ಸುಳ್ಯದ ನೆಹರು ಮೆಮೋರಿಯಲ್ ಕಾಲೇಜು ಕುರುಂಜಿ ವೆಂಕಟ್ರಮಣ ಗೌಡರ ಶ್ರಮದಿಂದ 1976ರಲ್ಲಿ ಹುಟ್ಟಿದ್ದು. ಹಾಗಾಗಿ ಈ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಎರಡೂ ಬಗೆಯ ಕಾಗದ ಸಿಗುತ್ತದೆ. ಇಂಜಿನಿಯರಿಂಗ್ ಓದಿದ್ದರೆ ಪದವಿ ಬರುವುದು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಟಿಯುನಿಂದ. ಸುಳ್ಯದ ಕೆವಿಜಿ ಸಂಸ್ಥೆಗಳಲ್ಲಿ ಮೆಡಿಕಲ್, ಡೆಂಟಲ್, ಆಯುರ್ವೇದ ಓದಿದ್ದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ, ಕಾನೂನು ಓದಿದ್ದರೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಿಂದ. ಕೊಣಾಜೆಗೆ ಹೋದರೆ ಸಂಜೆಗೆ ಮನೆ ಸೇರಬಹುದು. ಬೆಳಗಾವಿಗಾದರೆ ಹಿಂದಿನ ರಾತ್ರಿಯೇ ಬಸ್ಸು ಹತ್ತಬೇಕು. ರ‍್ಯಾಂಕ್ ಅಥವಾ ಚಿನ್ನದ ಪದಕ ಬಂದಿದ್ದರೆ ಆ ಪ್ರಯಾಣ ಖಂಡಿತ ಮಾಡಿ. ಉಳಿದವರಿಗೆ ಕಾಲೇಜಿನ ಸಮಾರಂಭವೇ ನಿಜವಾದ ಹಬ್ಬ.

ಹಾಗೆ ಹೇಳುವುದಕ್ಕೆ ಕಾರಣವಿದೆ. ಕಾಲೇಜಿನ ಪದವಿ ಪ್ರದಾನದಲ್ಲಿ ಪ್ರತಿಯೊಬ್ಬರ ಹೆಸರನ್ನೂ ಕರೆಯುತ್ತಾರೆ. ಕರೆದವರು ವೇದಿಕೆ ಹತ್ತುತ್ತಾರೆ, ಅತಿಥಿಗಳ ಕೈಯಿಂದ ಪತ್ರವನ್ನೋ ಸುರುಳಿಯನ್ನೋ ತೆಗೆದುಕೊಳ್ಳುತ್ತಾರೆ, ಫೋಟೋ ಆಗುತ್ತದೆ. ಆ ಸುರುಳಿ ಎಷ್ಟೋ ಕಡೆ ಕಾಲೇಜಿನ ಅಭಿನಂದನಾ ಪತ್ರ ಮಾತ್ರ. ಅದು ಪದವಿ ಪತ್ರವಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಬಿಚ್ಚಿ ನೋಡಿದಾಗ ಬೇಸರವಾಗುತ್ತದೆ. ಪುತ್ತೂರಿನ ಎರಡೂ ಹಳೆಯ ಕಾಲೇಜುಗಳು ಈಗ ಸ್ವಾಯತ್ತ ಕಾಲೇಜುಗಳು. ಪರೀಕ್ಷೆ ನಡೆಸಿ ಅಂಕ ಕೊಡುವುದು ಕಾಲೇಜು. ಪದವಿ ಕೊಡುವ ಅಧಿಕಾರ ಮಾತ್ರ ಈಗಲೂ ವಿಶ್ವವಿದ್ಯಾನಿಲಯದ್ದೇ.

ಅಕ್ಕ ಹೋದದ್ದು ಇಂಥ ಸಮಾರಂಭಕ್ಕೆ. ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಸಭಾಂಗಣದ ಮುಂದಿನ ಭಾಗ ಪದವೀಧರರಿಗೆ, ಹಿಂದಿನ ಭಾಗ ಮನೆಯವರಿಗೆ ಎಂದು ಮೊದಲೇ ಬೇರೆ ಮಾಡಿದ್ದರು. ಮಕ್ಕಳು ಒಂದು ಗಂಟೆ ಮೊದಲೇ ಬಂದು ಹೆಸರು ಬರೆಸಿ, ಗೌನು ತೆಗೆದುಕೊಂಡು, ಸಾಲಿನಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಬೇಕಿತ್ತು. ಗೌನು ಬಾಡಿಗೆಯದ್ದು. ಸಂಜೆ ವಾಪಸು ಕೊಟ್ಟರಷ್ಟೇ ಠೇವಣಿ ಕೈಗೆ ಬರುತ್ತದೆ ಎಂಬುದು ನೆನಪಿರಲಿ. ಮಗಳ ಹೆಸರು ಕರೆದಾಗ ಅಕ್ಕ ಕುಳಿತಲ್ಲಿಂದ ಎದ್ದು ನಿಂತರು. ಯಾರೂ ಹೇಳಿದ್ದಲ್ಲ, ತಾನಾಗಿ ಎದ್ದದ್ದು. ಪಕ್ಕದಲ್ಲಿದ್ದ ಬ್ಯಾರಿ ಕುಟುಂಬದ ಅಜ್ಜಿಯೊಬ್ಬರು ಅಕ್ಕನ ಕೈ ಹಿಡಿದು ಮೆಲ್ಲಗೆ ಕೂರಿಸಿದರು. ಮುಂದೆ ಆ ಅಜ್ಜಿಯ ಮೊಮ್ಮಗನ ಸರದಿ ಬಂದಾಗ ಇಬ್ಬರೂ ಒಟ್ಟಿಗೇ ಎದ್ದು ನಿಂತರು.

ವಿಶ್ವವಿದ್ಯಾನಿಲಯದ ಘಟಿಕೋತ್ಸವದ ರೀತಿಯೇ ಬೇರೆ. ಕೊಣಾಜೆಯ ಮಂಗಳಗಂಗೋತ್ರಿಯ ಮಂಗಳಾ ಸಭಾಂಗಣದಲ್ಲಿ ಅದು ನಡೆಯುತ್ತದೆ. ದಿನ ಪ್ರತಿ ವರ್ಷ ಒಂದೇ ಅಲ್ಲ. 40ನೇ ಘಟಿಕೋತ್ಸವ 2022ರ ಏಪ್ರಿಲ್‌ನಲ್ಲಿ ಆಗಿತ್ತು, 41ನೆಯದು 2023ರ ಮಾರ್ಚ್‌ನಲ್ಲಿ, 42ನೆಯದು 2024ರ ಜೂನ್‌ನಲ್ಲಿ. ಹಾಗಾಗಿ ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾನಿಲಯದ ಅಧಿಸೂಚನೆಯ ಮೇಲೆ ಕಣ್ಣಿಟ್ಟಿರಬೇಕು. ಅರ್ಜಿಯ ಕೊನೆಯ ದಿನ, ಶುಲ್ಕ, ಖುದ್ದಾಗಿ ಬರುತ್ತೀರಾ ಅಥವಾ ಗೈರುಹಾಜರಿಯಲ್ಲಿ ಪದವಿ ಪಡೆಯುತ್ತೀರಾ ಎಂಬ ಆಯ್ಕೆ, ಎಲ್ಲ ಅದರಲ್ಲೇ ಇರುತ್ತದೆ. ಗೈರುಹಾಜರಿಯಲ್ಲಿ ಪಡೆದ ಪದವಿಗೆ ಬೆಲೆ ಒಂದಿಷ್ಟೂ ಕಡಿಮೆಯಲ್ಲ.

ಕುಲಾಧಿಪತಿಗಳಾದ ರಾಜ್ಯಪಾಲರು ಬರುವ ಸಮಾರಂಭವಾದ್ದರಿಂದ ಪೊಲೀಸ್ ಬಂದೋಬಸ್ತು ಇರುತ್ತದೆ. ಅವರು ಬರುವ ಬಹಳ ಮೊದಲೇ ಕುರ್ಚಿಯಲ್ಲಿ ಕುಳಿತಿರಬೇಕು, ಆಮೇಲೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿಬಿಡಬಹುದು. ದೊಡ್ಡ ಚೀಲ, ನೀರಿನ ಬಾಟಲಿ ತಪಾಸಣೆಯಲ್ಲೇ ಹೊರಗುಳಿಯುವ ಸಂಭವ ಹೆಚ್ಚು. ಆಹ್ವಾನ ಪತ್ರವೋ ಪಾಸೋ ಇದ್ದರೆ ಅದನ್ನೂ ಒಂದು ಗುರುತಿನ ಚೀಟಿಯನ್ನೂ ಕೈಯಲ್ಲೇ ಇಟ್ಟುಕೊಳ್ಳಿ. ಜೊತೆಗೆ ಎಷ್ಟು ಮಂದಿ ಬರಬಹುದು ಎಂಬುದನ್ನು ಪಾಸಿನಲ್ಲಿ ನೋಡಿಯೇ ಬಾಡಿಗೆ ಜೀಪು ಗೊತ್ತು ಮಾಡಿ. ಚಿಕ್ಕಮ್ಮ, ಅತ್ತೆ, ಅವರ ಮಕ್ಕಳು ಎಂದು ಎಂಟು ಜನ ಹೊರಟು ಆರು ಜನ ಹೊರಗೆ ಮರದಡಿಯಲ್ಲಿ ಕುಳಿತರೆ ಎಲ್ಲರ ಮುಖವೂ ಬಾಡುತ್ತದೆ.

ಒಳಗೆ ನಡೆಯುವ ಕ್ರಮ ಹೀಗೆ. ಮೊದಲು ಮೆರವಣಿಗೆ. ಸಿಂಡಿಕೇಟ್ ಮತ್ತು ಶೈಕ್ಷಣಿಕ ಮಂಡಳಿಯ ಸದಸ್ಯರು, ಡೀನ್‌ಗಳು, ಕುಲಸಚಿವರು, ಕುಲಪತಿಗಳು, ಸಮಕುಲಾಧಿಪತಿಗಳಾದ ಉನ್ನತ ಶಿಕ್ಷಣ ಸಚಿವರು, ಕೊನೆಗೆ ರಾಜ್ಯಪಾಲರು. ಸಭೆ ಎದ್ದು ನಿಲ್ಲುತ್ತದೆ. ನಾಡಗೀತೆಯಾಗುತ್ತದೆ. ಘಟಿಕೋತ್ಸವ ಆರಂಭವಾಯಿತೆಂದು ಕುಲಾಧಿಪತಿಗಳು ಘೋಷಿಸುತ್ತಾರೆ, ಕುಲಪತಿಗಳು ವರದಿ ಒಪ್ಪಿಸುತ್ತಾರೆ. ಗೌರವ ಡಾಕ್ಟರೇಟ್, ಪಿಎಚ್.ಡಿ., ಚಿನ್ನದ ಪದಕ, ನಗದು ಬಹುಮಾನ, ರ‍್ಯಾಂಕ್ ಎಲ್ಲ ವೇದಿಕೆಯ ಮೇಲೆ. ಉಳಿದ ಪದವಿಗಳ ಸರದಿಯಲ್ಲಿ ಆಯಾ ನಿಕಾಯದ ಡೀನರು 'ಇವರನ್ನು ಪದವಿಗೆ ಒಪ್ಪಿಸುತ್ತಿದ್ದೇನೆ' ಎಂಬರ್ಥದ ಮಾತು ಹೇಳುತ್ತಾರೆ. ಅವರು ಹೇಳಿದಾಗ ಆ ವಿಭಾಗದವರೆಲ್ಲ ಕುಳಿತಲ್ಲೇ ಎದ್ದು ನಿಲ್ಲುತ್ತಾರೆ, ಅಲ್ಲಿಂದಲೇ ಪದವೀಧರರಾಗುತ್ತಾರೆ. ನೂರಾರು ಕಾಲೇಜುಗಳ ಸಾವಿರಾರು ಮಕ್ಕಳನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯಲಾಗದು. ಆಮೇಲೆ ಘಟಿಕೋತ್ಸವ ಭಾಷಣ, ರಾಷ್ಟ್ರಗೀತೆ, ಮೆರವಣಿಗೆ ಬಂದ ದಾರಿಯಲ್ಲೇ ವಾಪಸು. ಅದು ಹೊರಗೆ ಹೋಗುವವರೆಗೂ ನಿಂತೇ ಇರಬೇಕು.

ಎದ್ದು ನಿಲ್ಲುವ ಆ ಅರ್ಧ ನಿಮಿಷವನ್ನು ಮಕ್ಕಳು ಮೊದಲೇ ಮನೆಯವರಿಗೆ ತಿಳಿಸಿಟ್ಟರೆ ಒಳ್ಳೆಯದು. "ಹೆಸರು ಕರೆಯುವುದಿಲ್ಲ, ವಾಣಿಜ್ಯ ಎಂದಾಗ ನಾನು ಎದ್ದು ನಿಲ್ತೇನೆ, ಎಡಗಡೆ ಆರನೇ ಸಾಲು ನೋಡಿ" ಎಂದರೆ ಅಪ್ಪನ ಕಣ್ಣು ಸರಿಯಾದ ಜಾಗದಲ್ಲಿರುತ್ತದೆ. ಇಲ್ಲದಿದ್ದರೆ ಮಗಳ ಹೆಸರಿಗಾಗಿ ಕಾದು ಕಾದು ಕಾರ್ಯಕ್ರಮವೇ ಮುಗಿದಿರುತ್ತದೆ.

ಈ 'ಘಟಿಕೋತ್ಸವ' ಎಂಬ ಪದ ಬಂದದ್ದು ಘಟಿಕೆಯಿಂದ. ಘಟಿಕೆ ಎಂದರೆ ಹಿಂದಿನ ಕಾಲದ ಉನ್ನತ ವಿದ್ಯಾಕೇಂದ್ರ. ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭ ಶಾಸನ ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದನ್ನು ಹೇಳುತ್ತದೆ. ಹೋದದ್ದು ಅಜ್ಜ ವೀರಶರ್ಮನ ಜೊತೆಗೆ. ಓದಲಿಕ್ಕೆ ಹೊರಟ ಮೊಮ್ಮಗನ ಜೊತೆ ಮನೆಯ ಹಿರಿಯರು ಹೊರಟದ್ದು ಅಷ್ಟು ಹಳೆಯ ಸಂಗತಿ ಎಂದು ಮನೆಯಲ್ಲಿ ಹಿಂಜರಿಯುತ್ತಿರುವ ಅಜ್ಜನಿಗೆ ಹೇಳಿ ನೋಡಿ.

ಉಡುಪಿನ ವಿಷಯ. ಕರಿ ಗೌನು ಇಂಗ್ಲೆಂಡಿನಿಂದ ಬಂದದ್ದು. ನಮ್ಮ ಕರಾವಳಿಯ ಏಪ್ರಿಲ್ ಸೆಕೆಗೆ ಅದು ಹೊಂದುವುದಿಲ್ಲ. 2010ರಲ್ಲಿ ಆಗಿನ ಕೇಂದ್ರ ಸಚಿವ ಜೈರಾಂ ರಮೇಶ್ ಭೋಪಾಲದ ಒಂದು ಘಟಿಕೋತ್ಸವದಲ್ಲಿ ವೇದಿಕೆಯ ಮೇಲೇ ಗೌನು ಕಳಚಿಟ್ಟದ್ದು ದೊಡ್ಡ ಸುದ್ದಿಯಾಗಿತ್ತು. 2015ರಲ್ಲೂ 2019ರಲ್ಲೂ ಘಟಿಕೋತ್ಸವಕ್ಕೆ ಕೈಮಗ್ಗದ ಬಟ್ಟೆಯನ್ನು ಬಳಸಿ ಎಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. ಹಾಗಾಗಿ ಈಗ ಕೆಲವು ಕಡೆ ಗೌನು, ಕೆಲವು ಕಡೆ ಶಾಲು. ಏನು ಹಾಕಬೇಕೆಂದು ಸೂಚನಾಪತ್ರದಲ್ಲಿ ನೋಡಿ, ಒಳಗೆ ಹತ್ತಿ ಬಟ್ಟೆ ಹಾಕಿ. ಮನೆಯವರಿಗೆ ಇಂಥದ್ದೇ ಎಂಬ ನಿಯಮ ಇಲ್ಲ. ಮದುವೆಗೆ ಉಡುವ ಭಾರದ ರೇಷ್ಮೆ ನಾಲ್ಕು ಗಂಟೆ ಕುಳಿತುಕೊಳ್ಳಲು ಕಷ್ಟ. ಹಗುರದ ಸೀರೆ, ಒಂದು ಚೆಂಡು ಮಲ್ಲಿಗೆ, ಅಪ್ಪನಿಗೆ ಬಿಳಿ ಪಂಚೆ ಶರ್ಟು ಸಾಕು. ಆ ದಿನ ಫೋಟೋದಲ್ಲಿ ಉಳಿಯುವುದು ಅವರು ಸಲೀಸಾಗಿ ಇದ್ದರೋ ಇಲ್ಲವೋ ಎಂಬುದು.

ದಾರಿ ಸುಲಭ. ಕೊಣಾಜೆಗೆ ಹೋಗಲು ಮಂಗಳೂರು ಪೇಟೆಗೆ ಹೋಗಬೇಕಾಗಿಲ್ಲ. ಪುತ್ತೂರಿನಿಂದ ಮಾಣಿ, ಕಲ್ಲಡ್ಕ ದಾಟಿ ಮೆಲ್ಕಾರಿನಲ್ಲಿ ಎಡಕ್ಕೆ ತಿರುಗಿದರೆ ಬೋಳಿಯಾರು, ಮುಡಿಪು ಮೂಲಕ ಮಂಗಳಗಂಗೋತ್ರಿ. ಸುಳ್ಯದವರು ಪುತ್ತೂರಿನ ಮೇಲೆ, ಕಡಬದವರು ಉಪ್ಪಿನಂಗಡಿಯ ಮೇಲೆ ಮಾಣಿಗೆ ಬಂದರಾಯಿತು. ಬಸ್ಸನ್ನೇ ನಂಬಿದವರು ಮೊದಲ ಬಸ್ಸಿಗೇ ಹೊರಡುವುದು ಒಳ್ಳೆಯದು. ಬೆಳಿಗ್ಗೆ ಹೊಟ್ಟೆಗೆ ಗಟ್ಟಿಯಾಗಿ ತಿಂದೇ ಹೋಗಿ. ಸಭೆ ಮುಗಿಯುವಾಗ ಮಧ್ಯಾಹ್ನ ದಾಟುತ್ತದೆ, ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಮಾತ್ರೆಯ ಹೊತ್ತನ್ನು ಲೆಕ್ಕ ಹಾಕಿಕೊಳ್ಳಿ.

ಇನ್ನು ಕಾಗದದ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸಮಾರಂಭ ತಪ್ಪಿದರೆ ಬೇಸರ ಮಾತ್ರ, ಪತ್ರದಲ್ಲಿ ಒಂದಕ್ಷರ ತಪ್ಪಿದರೆ ವರ್ಷಗಟ್ಟಲೆ ತೊಂದರೆ. ನನ್ನದೇ ಪದವಿ ಪತ್ರದಲ್ಲಿ ಇನಿಷಿಯಲ್ ಒಂದು ಬಿಟ್ಟುಹೋಗಿತ್ತು. ಪತ್ರ ಕೈಗೆ ಬಂದ ಖುಷಿಯಲ್ಲಿ ನಾನು ಅದನ್ನು ನೋಡಲೇ ಇಲ್ಲ. ಕೆಲಸಕ್ಕೆ ಸೇರುವಾಗ ಕಚೇರಿಯವರು ತೋರಿಸಿದಾಗಲೇ ಗೊತ್ತಾದದ್ದು. ಸರಿಮಾಡಿಸಲು ಅಫಿಡವಿಟ್ಟು, ಮೂಲ ಅಂಕಪಟ್ಟಿ, ಚಲನ್ ಹಿಡಿದುಕೊಂಡು ಓಡಾಡಿದ ಆ ನಾಲ್ಕು ತಿಂಗಳು ಈಗಲೂ ನೆನಪಿದೆ.

ನಮ್ಮ ಕಡೆ ಹೆಸರುಗಳಲ್ಲಿ ಈ ಅಪಾಯ ಹೆಚ್ಚು. ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ನಾಯ್ಕ, ನಾಯಕ್, ಭಟ್, ಭಟ್ಟ, ಮನೆಯ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಆಧಾರ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು. ಪದವಿ ಪತ್ರಕ್ಕೆ ಎಸ್ಸೆಸ್ಸೆಲ್ಸಿಯ ಹೆಸರೇ ಆಧಾರ ಎಂದು ತಿಳಿಯಿರಿ. ಘಟಿಕೋತ್ಸವದ ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಕನ್ನಡದಲ್ಲೂ ಹೆಸರು ಕೇಳಿದರೆ ಒತ್ತಕ್ಷರ, ದೀರ್ಘ ಸರಿಯಾಗಿವೆಯೇ ಎಂದು ಮನೆಯ ಓದಿದವರೊಬ್ಬರಿಗೆ ತೋರಿಸಿ. ಸೈಬರ್ ಸೆಂಟರಿನ ಹುಡುಗ ಟೈಪು ಮಾಡಿದ್ದನ್ನು 'ಸಬ್ಮಿಟ್' ಒತ್ತುವ ಮೊದಲು ನೀವೇ ಒಮ್ಮೆ ಜೋರಾಗಿ ಓದಿ. ಈ ಐದು ನಿಮಿಷ ಆ ಇಡೀ ದಿನಕ್ಕಿಂತ ಮುಖ್ಯ.

ಘಟಿಕೋತ್ಸವ ತಡವಾದರೆ ಕೆಲಸ, ಮುಂದಿನ ಓದು ನಿಲ್ಲಬೇಕಾಗಿಲ್ಲ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ತೋರಿಸಿ ಶುಲ್ಕ ಕಟ್ಟಿದರೆ ತಾತ್ಕಾಲಿಕ ಪದವಿ ಪತ್ರ, ಅಂದರೆ ಪಿಡಿಸಿ, ಸಿಗುತ್ತದೆ. ವಿದ್ಯಾರ್ಥಿ ಪದವಿಗೆ ಅರ್ಹನಾದ 180 ದಿನಗಳೊಳಗೆ ಪದವಿ ಕೊಡಬೇಕೆಂದು ಯುಜಿಸಿಯ 2008ರ ನಿಯಮ ಹೇಳುತ್ತದೆ. ಆದ್ದರಿಂದ ವಿಳಂಬವಾದಾಗ ವಿನಯದಿಂದ, ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ. ಡಿಜಿಲಾಕರಿನಲ್ಲಿ ಬಂದ ಪದವಿ ಪತ್ರವೂ ಕಾನೂನಿನ ಪ್ರಕಾರ ಮಾನ್ಯ, ಫೋನಿನಲ್ಲಿ ಇರಿಸಿಕೊಳ್ಳಿ.

ಪುತ್ತೂರು ಕಡೆಯ ಮಕ್ಕಳು ಗಲ್ಫಿಗೂ ಯುರೋಪಿಗೂ ಹೋಗುವವರು, ಅಲ್ಲೆಲ್ಲ ಕಾಗದದ ಮೇಲೆ ಇನ್ನೊಂದು ಮುದ್ರೆ ಬೇಕು. ಹೇಗ್ ಒಪ್ಪಂದದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಆದರೆ ಸಾಕು, ಸ್ಪೇನ್ ಅದರಲ್ಲಿದೆ. ಯುಎಇಗೆ ಹೋಗುವವರು ರಾಜ್ಯ ಮಟ್ಟದ ದೃಢೀಕರಣ, ಸಚಿವಾಲಯ, ಆ ದೇಶದ ರಾಯಭಾರ ಕಚೇರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಎರಡಕ್ಕೂ ಮೂಲ ಪತ್ರವೇ ಬೇಕು.

ಸ್ಪೇನಿನ ಮಾತು ಬಂತು. ಅಲ್ಲಿ ಎಂ.ಎಸ್. ಮಾಡುತ್ತಿರುವ ಮಗನೋ ಮಗಳೋ "ಜೂನಿನಲ್ಲಿ ಗ್ರಾಜುವೇಶನ್, ಬನ್ನಿ" ಎಂದರೆ ಏನು ನಿರೀಕ್ಷಿಸಬೇಕು? ಅಲ್ಲಿಯೂ ಸಮಾರಂಭ ಬೇರೆ, ಕಾಗದ ಬೇರೆ. ಎಷ್ಟೋ ಕಡೆ ಕೊನೆಯ ಫಲಿತಾಂಶ ಬರುವ ಮೊದಲೇ ಸಮಾರಂಭ ನಡೆದುಬಿಡುತ್ತದೆ. ಪದವೀಧರರು ಗೌನು ಹಾಕುವುದು ಕಡಿಮೆ. ಒಳ್ಳೆಯ ಬಟ್ಟೆಯ ಮೇಲೆ 'ಬೇಕಾ' ಎಂಬ ಬಣ್ಣದ ಪಟ್ಟಿಯನ್ನು ಹೆಗಲಿನಿಂದ ಎದೆಗೆ ಇಳಿಯುವಂತೆ ತೊಡಿಸುತ್ತಾರೆ, ನಮ್ಮಲ್ಲಿ ಶಾಲು ಹೊದೆಸಿದ ಹಾಗೆ. ಬಣ್ಣ ಓದಿದ ವಿಷಯವನ್ನು ಹೇಳುತ್ತದೆ: ವೈದ್ಯಕೀಯಕ್ಕೆ ಹಳದಿ, ಕಾನೂನಿಗೆ ಕೆಂಪು, ವಿಜ್ಞಾನಕ್ಕೆ ನೀಲಿ. ವಿದ್ಯಾರ್ಥಿಗಳೇ ಆರಿಸಿದ ಅಧ್ಯಾಪಕರೊಬ್ಬರು ಆ ತಂಡದ ಪೋಷಕರಾಗಿ ಮಾತನಾಡುತ್ತಾರೆ. 'ಗಾವ್ದೆಯಾಮುಸ್' ಎಂಬ ಹಳೆಯ ಲ್ಯಾಟಿನ್ ಹಾಡಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನಿಜವಾದ ಪದವಿ ಪತ್ರ ರಾಜನ ಹೆಸರಿನಲ್ಲಿ, ಪ್ರತ್ಯೇಕ ಶುಲ್ಕ ಕಟ್ಟಿದ ಮೇಲೆ, ತಿಂಗಳುಗಳ ನಂತರ ಬರುತ್ತದೆ. ಅಲ್ಲಿಯವರೆಗೆ ತಾತ್ಕಾಲಿಕ ಪ್ರಮಾಣಪತ್ರ, ನಮ್ಮ ಪಿಡಿಸಿಯ ಹಾಗೇ. ಹೋಗುವ ಅಪ್ಪ ಅಮ್ಮ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮೊದಲು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಸೀರೆ ಉಟ್ಟೇ ಹೋಗಿ.

ಒಂದು ಮಾತನ್ನು ಇಲ್ಲೇ ಸೇರಿಸಬೇಕು. ಕಾಲೇಜು ಅರ್ಧಕ್ಕೆ ಬಿಟ್ಟವರ, ಸಪ್ಲಿ ಉಳಿದವರ ಮನೆಯಲ್ಲಿ ಈ ಹಬ್ಬದ ದಿನ ಮೌನವಿರುತ್ತದೆ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಅವರನ್ನು ಗೌರವ ಡಾಕ್ಟರೇಟಿಗೆ ಕರೆದವು. ಬೆಳ್ಳಾರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಅವರದೇ ಹೆಸರಿದೆ. ತಂಗಿಯ ಪದವಿ ಪ್ರದಾನಕ್ಕೆ ಬರಲು ಹಿಂಜರಿಯುವ ಅಣ್ಣನನ್ನೂ ಜೀಪಿನಲ್ಲಿ ಕೂರಿಸಿಕೊಳ್ಳಿ.

ಅಕ್ಕನ ಮಗಳ ನಿಜವಾದ ಪದವಿ ಪತ್ರ ಬಂದದ್ದು ತಿಂಗಳುಗಳ ಮೇಲೆ. ಕಾಲೇಜಿನ ಕಚೇರಿಯಲ್ಲಿ ಸಹಿ ಹಾಕಿ ತೆಗೆದುಕೊಂಡಳು, ಜೊತೆಗೆ ಭಾವ ಬಂದಿದ್ದರು, ನಾನೂ ಇದ್ದೆ. ಭಾವ ನೇರ ಜೆರಾಕ್ಸ್ ಅಂಗಡಿಗೆ ನಡೆದು "ಇದಕ್ಕೊಂದು ಲ್ಯಾಮಿನೇಷನ್ ಮಾಡಿ" ಎಂದುಬಿಟ್ಟರು. ಯಂತ್ರ ಬಿಸಿಯಾಗುವಷ್ಟರಲ್ಲಿ ನಾನು ಪತ್ರವನ್ನು ವಾಪಸು ಕೇಳಿದೆ. ಲ್ಯಾಮಿನೇಟ್ ಆದ ಕಾಗದದ ಮೇಲೆ ಮುದ್ರೆ ಒತ್ತಲಾಗುವುದಿಲ್ಲ, ದೃಢೀಕರಣದಲ್ಲಿ ತಿರಸ್ಕರಿಸುತ್ತಾರೆ, ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. "ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದಿಲ್ವಾ ಹಾಗಾದರೆ?" ಎಂದರು ಭಾವ. ನ್ಯಾಯವಾದ ಪ್ರಶ್ನೆಯೇ. ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರ್ ಒಂದನ್ನು ಅಲ್ಲೇ ಕೊಂಡೆವು, ನಾಲ್ಕು ಜೆರಾಕ್ಸ್ ಮಾಡಿಸಿದೆವು. ಗೋಡೆಗೆ ತಾಗದ ಹಾಗೆ, ಗೆದ್ದಲು ಮುಟ್ಟದ ಕಬ್ಬಿಣದ ಕಪಾಟಿನಲ್ಲಿ ಇಡಬೇಕು, ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಲ್ಲಿ ಗಾಳಿಗೆ ಹಿಡಿಯಬೇಕು ಎಂದು ಹೇಳಿದೆ.

ಬಸ್ಸಿನಲ್ಲಿ ಭಾವ ಫೋಲ್ಡರನ್ನು ಚೀಲಕ್ಕೆ ಹಾಕಲಿಲ್ಲ. ಬೆಳ್ಳಾರೆಯವರೆಗೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದಿದ್ದರು. ಈಗ ಅದು ಕಪಾಟಿನಲ್ಲಿ ಜಾಗದ ಪಹಣಿ, ಅಡಿಕೆ ತೋಟದ ಕಾಗದಗಳ ಮೇಲಿನ ತಟ್ಟಿನಲ್ಲಿದೆ.